‘ಬೈ’ ಪದದ ಮುಂದಿನ ಖಾಲಿ ಜಾಗವನ್ನು ತುಂಬದಿರುವ ಬಗ್ಗೆ

ಸಂಬಂಧಪಟ್ಟ ಇಲಾಖೆ
ಕರಡು ಮತ್ತು ರವಾನೆ ಶಾಖೆ, ಎರಡನೆಯ ಮಹಡಿ, ಕೆಟ್ಟ ಲಿಫ್ಟಿನ ಎದುರು

ಸಂಖ್ಯೆ: ಸಂಇ/ಕರಡು/ಇಂಗ್ಲಿಷ್/ಬೈ/17/ಭಾಗ 2
ದಿನಾಂಕ: ಮಂಗಳವಾರ, ಅಂದರೆ ಶುಕ್ರವಾರಕ್ಕೆ ಮೂರು ದಿನ ಮೊದಲು

ಸುತ್ತೋಲೆ

ವಿಷಯ: ಇಂಗ್ಲಿಷ್ ಪತ್ರಗಳಲ್ಲಿ ಕರ್ಮಣಿ ಪ್ರಯೋಗದ ಕ್ರಿಯಾಪದಗಳ ನಂತರ ಬರುವ ‘ಬೈ’, ‘ವಿತ್’, ‘ಅಟ್’, ‘ಇನ್’, ‘ಟು’ ಮುಂತಾದ ಸಣ್ಣ ಪದಗಳ ಬಳಕೆ, ಹತೋಟಿ ಮತ್ತು ವಿಲೇವಾರಿ ಕುರಿತು.

ಉಲ್ಲೇಖ:
1) ಮೇಲಿನ ಕಚೇರಿಯ ಎರಡು ಪದಗಳ ಪತ್ರ.
2) ತೆರೆದ ಬಾಗಿಲು ಕಂಡಲ್ಲಿ ಕಂಡವರು ಮುಚ್ಚತಕ್ಕದ್ದು ಎಂಬ ಈ ಇಲಾಖೆಯ ಹಿಂದಿನ ಸುತ್ತೋಲೆ.
3) ಬಾಗಿಲ ಸಂದಿಯಿಂದ ಹೊರಬಂದ ಸ್ವೀಕೃತಿ ಚೀಟಿ.
4) ಒಂದು ಲೋಟ (ಲಗತ್ತಿಸಿಲ್ಲ).

ಪೀಠಿಕೆ:

ಈ ಇಲಾಖೆಯಿಂದ ಮೇಲಿನ ಕಚೇರಿಗೆ ಹೋಗುವ ಪತ್ರಗಳೆಲ್ಲ ಇಂಗ್ಲಿಷಿನಲ್ಲೇ ಇರತಕ್ಕದ್ದು ಎಂಬುದು ಮೊದಲಿನಿಂದ ನಡೆದು ಬಂದ ಪದ್ಧತಿ. ಏಕೆ ಎಂದು ಯಾರೂ ಕೇಳಿಲ್ಲ. ಕೇಳಿದ್ದರೂ ಕಡತದಲ್ಲಿ ಸಿಕ್ಕಿಲ್ಲ. ನಲವತ್ತಾರು ನೌಕರರಿರುವ ಈ ಕಚೇರಿಯಲ್ಲಿ ಯಾರೂ ಏನನ್ನೂ ಮಾಡುವುದಿಲ್ಲ, ಎಲ್ಲವೂ ಮಾಡಲ್ಪಡುತ್ತದೆ. ಪತ್ರ ಕಳುಹಿಸಲ್ಪಡುತ್ತದೆ, ಕಡತ ಕಳೆಯಲ್ಪಡುತ್ತದೆ, ಕಳೆದದ್ದು ಗಮನಿಸಲ್ಪಡುತ್ತದೆ. ಇಷ್ಟು ವರ್ಷ ಯಾರ ಕೂದಲೂ ಕೊಂಕದಂತೆ ನಡೆದುಕೊಂಡು ಬಂದ ಈ ಆಡಳಿತಕ್ಕೆ ಈಚೆಗೆ ‘ಬೈ’ ಎಂಬ ಸಣ್ಣ ಪದದಿಂದ ತೊಡಕುಂಟಾಗಿರುವುದನ್ನು ಗಂಭೀರವಾಗಿ ಪರಿಗಣಿಸಲಾಗಿದೆ. ಸದರಿ ಪದವು ವಾಕ್ಯದ ಕೊನೆಯಲ್ಲಿ ನಿಂತು, ಕೆಲಸ ಮಾಡಿದವರ ಹೆಸರನ್ನು ಕೈಹಿಡಿದು ಎಳೆದು ತರುತ್ತದೆ ಎಂಬುದು ಇಲಾಖೆಯ ಗಮನಕ್ಕೆ ಬಂದಿದೆ. ಸದರಿ ಪದಕ್ಕೆ ಕನ್ನಡದಲ್ಲಿ ಬೇರೆ ಅರ್ಥ ಇರುವುದೂ ಇಲಾಖೆಗೆ ಗೊತ್ತು. ಅದಕ್ಕಾಗಿ ನಗುವವರು ಚಹಾ ವಿರಾಮದಲ್ಲಿ ನಗತಕ್ಕದ್ದು.

ಆದ್ದರಿಂದ ಎಲ್ಲ ಸಿಬ್ಬಂದಿಗೂ ಈ ಕೆಳಗಿನಂತೆ ತಿಳಿಯಪಡಿಸಲಾಗಿದೆ.

1. ಈ ಸುತ್ತೋಲೆ ತಯಾರಾದ ಬಗೆ

ಕರಡನ್ನು ಕರಡು ಶಾಖೆಯ ಗುಮಾಸ್ತೆಗೆ ವಹಿಸಲಾಗಿದೆ. ಆಕೆ ಇಪ್ಪತ್ತೆರಡು ವರ್ಷಗಳಿಂದ ಇದೇ ಮೇಜಿನಲ್ಲಿ, ಒಂದು ಕಾಲು ಕುಂಟುವ ಇದೇ ಕುರ್ಚಿಯಲ್ಲಿ ಕೂತು ಇಲಾಖೆಯ ಇಂಗ್ಲಿಷನ್ನು ತಿದ್ದುತ್ತಿದ್ದಾರೆ. ಮುಖ್ಯಾಧಿಕಾರಿಗಳು ಪ್ರತಿ ಸೋಮವಾರ ಬೆಳಿಗ್ಗೆ ಮೂವತ್ತು ಖಾಲಿ ಹಾಳೆಗಳಿಗೆ ಮುಂಗಡವಾಗಿ ಸಹಿ ಮಾಡಿ ಕೊಡುತ್ತಾರೆ. ಸಹಿಯ ಮೇಲೆ ಆದೇಶ, ಸಹಿಯ ಕೆಳಗೆ ‘ಪ್ರತಿ’ಗಳ ಪಟ್ಟಿ ಟೈಪು ಮಾಡುವುದು ಗುಮಾಸ್ತೆಯ ಕೆಲಸ. ಪ್ರತಿಗಳ ಪಟ್ಟಿಯನ್ನು ಯಾರೂ ಓದುವುದಿಲ್ಲ. ಒಮ್ಮೆ ಕಣ್ತಪ್ಪಿನಿಂದ ಅಲ್ಲಿ ಆಕೆಯ ಮನೆಯ ಸಾಮಾನಿನ ಚೀಟಿ ಟೈಪಾಗಿ, ‘ಈರುಳ್ಳಿ ಒಂದು ಕಿಲೋ, ಸೋಪು ಎರಡು’ ಎಂಬುದಕ್ಕೆ ಆರು ಶಾಖೆಗಳಿಂದ ‘ಸ್ವೀಕರಿಸಿ ಸೂಕ್ತ ಕ್ರಮ ಕೈಗೊಳ್ಳಲಾಗಿದೆ’ ಎಂದು ಉತ್ತರ ಬಂದದ್ದುಂಟು. ಈ ಪದ್ಧತಿಯನ್ನು ಬದಲಿಸುವ ಅಗತ್ಯ ಕಂಡುಬಂದಿಲ್ಲ.

2. ಘಟನೆ

ಕಳೆದ ತಿಂಗಳ ಎರಡನೆಯ ಬುಧವಾರ ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ, ನೆಲಮಹಡಿಯ ರೆಕಾರ್ಡ್ ರೂಮಿನೊಳಗೆ ಏಣಿ ಹತ್ತಿ ಹಳೆಯ ನಕ್ಷೆಗಳ ಗಂಟು ಬಿಚ್ಚುತ್ತಿದ್ದ ರೆಕಾರ್ಡ್ ಕೀಪರರು ಒಳಗಿರುವಾಗಲೇ, ಹೊರಗಿನಿಂದ ಬಾಗಿಲು ಮುಚ್ಚಲ್ಪಟ್ಟು, ಬೀಗ ಹಾಕಲ್ಪಟ್ಟು, ಕೀಲಿಯು ಕಾವಲುಗಾರನ ಮೇಜಿನ ಹಿಂದಿನ ಮೊಳೆಗೆ ತಗುಲಿಸಲ್ಪಟ್ಟಿರುತ್ತದೆ. ಕೀಲಿ ರಿಜಿಸ್ಟರಿನಲ್ಲಿ ‘ಕೊಠಡಿ ಖಾಲಿ. ಕೀಲಿ ಹಿಂದಿರುಗಿಸಲಾಗಿದೆ’ ಎಂದು ನಮೂದಾಗಿದೆ. ಬರೆಯುವ ಶ್ರಮ ತಪ್ಪಲೆಂದು ಈ ವಾಕ್ಯಕ್ಕೆ ರಬ್ಬರ್ ಮೊಹರು ಮಾಡಿಸಲಾಗಿದ್ದು, ಒತ್ತಿದವರ ಕೈಬರಹ ಸಿಗುವಂತಿಲ್ಲ. ಹೆಸರಿಗೆ ಕಾಲಂ ಇಲ್ಲ. ಇದ್ದಾಗ ಯಾರೂ ತುಂಬುತ್ತಿರಲಿಲ್ಲವಾದ್ದರಿಂದ ಅದನ್ನು ತೆಗೆದುಹಾಕಲಾಗಿತ್ತು.

ಸದರಿ ರೆಕಾರ್ಡ್ ಕೀಪರರು ಕಚೇರಿಯಲ್ಲಿ ‘ದೊಡ್ಡಪ್ಪ’ ಎಂದು ಕರೆಯಲ್ಪಡುತ್ತಾರೆ. ಅವರು ಇಲ್ಲಿ ಯಾರಿಗೂ ದೊಡ್ಡಪ್ಪ ಅಲ್ಲ. ಆದರೆ ಹೊಸದಾಗಿ ಸೇರಿದ ಪ್ರತಿಯೊಬ್ಬರಿಗೂ ಮೊದಲ ವಾರ ಕುರ್ಚಿ ಹುಡುಕಿಕೊಟ್ಟು, ಎರಡನೆಯ ವಾರ ಕೆಲಸ ಹೇಳಿಕೊಟ್ಟು, ಮೂರನೆಯ ವಾರದಿಂದ ಗದರಿಕೊಂಡೇ ಸಾಕಿದವರು ಅವರು. ಮೂವತ್ತಾರು ವರ್ಷಗಳ ಸೇವೆ ಮುಗಿಸಿ ಇದೇ ಶುಕ್ರವಾರ ನಿವೃತ್ತರಾಗಲಿದ್ದಾರೆ.

3. ಅಂದಿನ ಹಗಲು

ಹತ್ತೂ ಐವತ್ತರಿಂದ ಸದರಿ ಬಾಗಿಲು ಒಳಗಿನಿಂದ ಬಡಿಯಲ್ಪಟ್ಟಿರುತ್ತದೆ. ಆದರೆ ರಿಜಿಸ್ಟರಿನ ಪ್ರಕಾರ ಕೊಠಡಿ ಖಾಲಿ. ಖಾಲಿ ಕೊಠಡಿಯಲ್ಲಿ ಯಾರೂ ಇರಲು ಸಾಧ್ಯವಿಲ್ಲ, ಯಾರೂ ಇಲ್ಲದ ಮೇಲೆ ಓಗೊಡುವ ಪ್ರಶ್ನೆಯೇ ಉದ್ಭವಿಸುವುದಿಲ್ಲ ಎಂದು ಎಲ್ಲರೂ ಭಾವಿಸಿದ್ದು ನಿಯಮಬದ್ಧವಾಗಿಯೇ ಇದೆ.

ಹನ್ನೆರಡು ಗಂಟೆಗೆ ಬಡಿತ ಜೋರಾಗಿ ಕೆಲಸಕ್ಕೆ ಅಡ್ಡಿಯಾದ್ದರಿಂದ, ಮುಖ್ಯಾಧಿಕಾರಿಗಳ ಆದೇಶದಂತೆ ‘ಕಚೇರಿ ವೇಳೆಯಲ್ಲಿ ಶಬ್ದ ಮಾಡತಕ್ಕದ್ದಲ್ಲ’ ಎಂಬ ನೋಟಿಸು ಎರಡು ಪ್ರತಿಗಳಲ್ಲಿ ತಯಾರಾಗಿ, ಬಾಗಿಲ ಕೆಳಗಿನ ಸಂದಿಯಿಂದ ಒಳಗೆ ತಳ್ಳಲ್ಪಟ್ಟಿತು. ಹದಿನೈದು ನಿಮಿಷದಲ್ಲಿ ಒಂದು ಪ್ರತಿಯು ದಿನಾಂಕ, ವೇಳೆ ಮತ್ತು ಪೂರ್ಣ ಸಹಿಯೊಂದಿಗೆ ಅದೇ ಸಂದಿಯಿಂದ ಹೊರಬಂತು. ಸ್ವೀಕೃತಿ ಕ್ರಮಬದ್ಧವಾಗಿದ್ದುದರಿಂದ ಅದನ್ನು ಕಡತಕ್ಕೆ ಸೇರಿಸಲಾಯಿತು. ಸ್ವೀಕೃತಿಯ ಷರಾ ಕಾಲಂನಲ್ಲಿ ‘ಒಳಗಿದ್ದೇನೆ. ಬಾಗಿಲು ತೆರೆಯಿರಿ’ ಎಂದು ಬರೆದದ್ದು ಆಗ ಯಾರ ಗಮನಕ್ಕೂ ಬರಲಿಲ್ಲ, ಏಕೆಂದರೆ ಷರಾ ಕಾಲಂಗಳನ್ನು ತಿಂಗಳ ಕೊನೆಯ ದಿನ ಮಾತ್ರ ಓದುವುದು ಇಲ್ಲಿನ ಪದ್ಧತಿ. ತಿಂಗಳ ಕೊನೆಯ ದಿನ ಅದನ್ನು ಓದಿ, ‘ಬಾಗಿಲು ಈಗಾಗಲೇ ತೆರೆದಿದೆ, ಹೆಚ್ಚಿನ ಕ್ರಮ ಅಗತ್ಯವಿಲ್ಲ’ ಎಂದು ವಿಲೇವಾರಿ ಮಾಡಲಾಗಿದೆ.

ಸಂಜೆ ಐದು ಗಂಟೆ ಇಪ್ಪತ್ತು ನಿಮಿಷಕ್ಕೆ ಬಾಗಿಲು ತೆರೆಯಲ್ಪಟ್ಟಿತು.

4. ಹೇಳಿಕೆಗಳು

ಸಿಬ್ಬಂದಿಯ ಹೇಳಿಕೆಗಳನ್ನು ಅವರವರ ಮಾತಿನಲ್ಲೇ ಇಡಲಾಗಿದೆ. ಮೊದಲು ಇವನ್ನೂ ಕರ್ಮಣಿಗೆ ತಿರುಗಿಸಿ ನೋಡಲಾಗಿ, ಯಾರು ಏನು ಹೇಳಿದರೆಂದು ಹೇಳಿದವರಿಗೇ ತಿಳಿಯದೆ ಹೋಯಿತು.

ಕಾವಲುಗಾರ: “ನಾನು ನೀರಿನ ಪಂಪ್ ಹಾಕೋಕೆ ಹಿಂದ್ಗಡೆ ಹೋಗಿದ್ದೆ ಸಾರ್. ಬಂದು ನೋಡಿದ್ರೆ ಕೀಲಿ ಮೊಳೇಲಿದೆ, ಬುಕ್ಕಲ್ಲಿ ಸೀಲಿದೆ. ಸರಿ ಅಂತ ಕೂತ್ಕೊಂಡೆ. ಬಡಿಯೋದು ಕೇಳಿಸ್ತು, ಇಲ್ಲ ಅನ್ನಲ್ಲ. ಅದನ್ನೂ ಬರ್ದಿದೀನಿ ನೋಡಿ, ‘ಶಬ್ದ ಕೇಳಿಬಂದಿರುತ್ತದೆ’ ಅಂತ. ಐದು ಸಲ ಬರ್ದಿದೀನಿ. ಇನ್ನೇನು ಮಾಡ್ಬೇಕಿತ್ತು ನಾನು?”

ಟೈಪಿಸ್ಟು: “ಯಾರೋ ‘ಬಾಗ್ಲು ತೆಗೀರಪ್ಪಾ’ ಅಂದಂಗಾಯ್ತು. ದೊಡ್ಡಪ್ಪನ ದನಿ ಥರಾನೇ ಇತ್ತು. ಇದೇನು ಅಂತ ದೊಡ್ಡಪ್ಪನನ್ನೇ ಕೇಳೋಣ ಅಂತ ಹುಡುಕಿದೆ, ಅವತ್ತು ಎಲ್ಲೂ ಕಾಣ್ಲೇ ಇಲ್ಲ ಅವರು.”

ಚಹಾ ಕೊಡುವ ಅಕ್ಕ: “ನಂಗೆ ನಿಮ್ಮ ಬುಕ್ಕು ಗಿಕ್ಕು ಓದೋಕೆ ಬರಲ್ಲ. ಲೋಟ ಎಣಿಸೋಕೆ ಬರುತ್ತೆ. ಬೆಳಿಗ್ಗೆ ಆ ಮನುಷ್ಯರ ಲೋಟ ಉಳೀತು, ಎಲ್ಲೋ ಹೋಗಿರ್ಬೇಕು ಅಂದ್ಕೊಂಡೆ. ಸಂಜೇನೂ ಉಳೀತು. ನಾನು ಇಲ್ಲಿಗೆ ಬಂದಾಗಿಂದ ಅವರು ಎರಡು ಹೊತ್ತೂ ಚಹಾ ಬಿಟ್ಟಿದ್ದು ನೋಡಿಲ್ಲ. ಮೊಳೇಲಿದ್ದ ಕೀಲಿ ತಗೊಂಡೆ, ತೆಗ್ದೆ. ಏಣಿ ಮೇಲೆ ಕೂತಿದ್ರು. ‘ಆರಿ ಹೋಯ್ತಾ?’ ಅಂದ್ರು. ‘ಬಿಸಿ ಮಾಡ್ತೀನಿ, ಇಳೀರಿ ಮೊದ್ಲು’ ಅಂದೆ. ಅಷ್ಟೇ ನಡೆದಿದ್ದು.”

ಸದರಿ ಅಕ್ಕನವರು ರಿಜಿಸ್ಟರಿನಲ್ಲಿ ಮೊಹರು ಒತ್ತದೆ ಕೀಲಿ ತೆಗೆದಿರುವುದು ಗಂಭೀರ ಲೋಪ. ಇಡೀ ಪ್ರಕರಣದಲ್ಲಿ ಯಾರು ಮಾಡಿದರೆಂದು ಖಚಿತವಾಗಿ ತಿಳಿದಿರುವ ಕೃತ್ಯ ಇದೊಂದೇ ಆದ್ದರಿಂದ, ಇದರ ಮೇಲೆ ಕ್ರಮ ಜರುಗಿಸಲು ಅನುಕೂಲವಿದೆ ಎಂದು ಅಭಿಪ್ರಾಯಪಡಲಾಗಿದೆ.

ಕರಡು ಗುಮಾಸ್ತೆ ಅಂದು ಅತ್ತೆಯನ್ನು ಕಣ್ಣಿನ ಡಾಕ್ಟರ ಬಳಿ ಕರೆದೊಯ್ಯಲು ಅನುಮತಿ ಪಡೆದು ಹತ್ತು ಮುಕ್ಕಾಲಿಗೇ ಕಚೇರಿಯಿಂದ ಹೊರಟಿದ್ದರು. ಆದ್ದರಿಂದ ಬಡಿತ ಕೇಳಿದವರ ಪಟ್ಟಿಯಲ್ಲಿ ಆಕೆ ಇಲ್ಲ. ಪಟ್ಟಿಯಲ್ಲಿ ಇಲ್ಲದ್ದರಿಂದ ಆಕೆಯ ಹೇಳಿಕೆ ಪಡೆಯಲಾಗಿಲ್ಲ. ಪ್ರಕರಣಕ್ಕೂ ಆಕೆಗೂ ಸಂಬಂಧವಿಲ್ಲವೆಂದು ಸ್ಪಷ್ಟವಾದ್ದರಿಂದಲೇ ಹೇಳಿಕೆಗಳನ್ನು ಬರೆದುಕೊಂಡು ಈ ಸುತ್ತೋಲೆಯನ್ನು ತಯಾರಿಸುವ ಹೊಣೆಯನ್ನು ಆಕೆಗೆ ಕೊಡಲಾಗಿದೆ.

5. ಎರಡು ಪದಗಳ ಪತ್ರ

ತಿಂಗಳ ವರದಿಯಲ್ಲಿ ಈ ವಿಷಯವು ಇಂಗ್ಲಿಷಿನಲ್ಲಿ ಹೀಗೆ ಬರೆಯಲ್ಪಟ್ಟಿತ್ತು: ‘ದಿ ರೆಕಾರ್ಡ್ ಕೀಪರ್ ವಾಸ್ ಲಾಕ್ಡ್ ಇನ್ ದಿ ರೆಕಾರ್ಡ್ ರೂಮ್ ಬೈ’. ಅದರ ಮುಂದೆ ಹನ್ನೊಂದು ಚುಕ್ಕಿ. ಹೆಸರು ಸಿಕ್ಕ ಮೇಲೆ ತುಂಬೋಣ ಎಂದು ಬಿಟ್ಟ ಜಾಗವದು. ತುಂಬುವವರು ಸಿಗದೆ ಹಾಗೆಯೇ ಹೋಯಿತು. ಮೇಲಿನ ಕಚೇರಿಯಿಂದ ಮರುಟಪಾಲಿನಲ್ಲೇ ಪತ್ರ ಬಂತು: ‘ಬೈ ಹೂಮ್?’ ಯಾರಿಂದ?

ಇಷ್ಟು ಚಿಕ್ಕ ಪತ್ರಕ್ಕಾಗಿ ಇಷ್ಟು ದೊಡ್ಡ ಸಭೆ ಈ ಇಲಾಖೆಯಲ್ಲಿ ಹಿಂದೆಂದೂ ನಡೆದಿಲ್ಲ. ನಲವತ್ತೈದು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಸಾಕಾದ ಮೇಲೆ ಫ್ಯಾನು ನೋಡಿದರು. ದೊಡ್ಡಪ್ಪ ಒಬ್ಬರು ಯಾರನ್ನೂ ನೋಡದೆ ಕನ್ನಡಕ ಒರೆಸುತ್ತಿದ್ದರು. ಒಂದೂವರೆ ಗಂಟೆಯ ನಂತರ ಮುಖ್ಯಾಧಿಕಾರಿಗಳಿಗೆ ಪರಿಹಾರ ಹೊಳೆಯಲ್ಪಟ್ಟಿತು. ಖಾಲಿ ಜಾಗ ಇದ್ದರೆ ತಾನೇ ತುಂಬಲು ಹೆಸರು ಬೇಕು? ಜಾಗವನ್ನೇ ತೆಗೆದುಬಿಟ್ಟರೆ ಹೆಸರೂ ಬೇಡ. ಅದರಂತೆ ‘ಬೈ’ ಪದವನ್ನೂ ಹನ್ನೊಂದು ಚುಕ್ಕಿಗಳನ್ನೂ ಅಳಿಸಿ ವರದಿಯನ್ನು ಮತ್ತೆ ಕಳುಹಿಸಲಾಯಿತು. ಮೇಲಿನ ಕಚೇರಿ ಸುಮ್ಮನಾಯಿತು, ಎಲ್ಲರೂ ನಿಟ್ಟುಸಿರು ಬಿಟ್ಟು ಊಟಕ್ಕೆ ಹೋದರು.

6. ಪರಿಣಾಮ

ತಿದ್ದಿದ ವರದಿಯ ಪ್ರತಿ ಸೇವಾ ಪುಸ್ತಕ ಶಾಖೆಗೂ ಹೋಯಿತು. ಅಲ್ಲಿ ಆ ವಾಕ್ಯವನ್ನು ಎಡದಿಂದ ಬಲಕ್ಕೆ ಎರಡು ಸಲ ಓದಿ ನೋಡಲಾಗಿ, ಅದರಲ್ಲಿ ರೆಕಾರ್ಡ್ ಕೀಪರರನ್ನು ಬಿಟ್ಟರೆ ಬೇರೆ ಯಾರೂ ಸಿಗಲಿಲ್ಲ. ವಾಕ್ಯದಲ್ಲಿ ಸಿಕ್ಕವರ ಮೇಲೆ ಕ್ರಮ ಜರುಗಿಸುವುದು ಪದ್ಧತಿ. ಆದ್ದರಿಂದ ದೊಡ್ಡಪ್ಪನವರ ಸೇವಾ ಪುಸ್ತಕದ ಕೊನೆಯ ಪುಟದಲ್ಲಿ ಕೆಂಪು ಇಂಕಿನಲ್ಲಿ, ‘ಸದರಿ ದಿನ ಅನುಮತಿಯಿಲ್ಲದೆ ಆಸನದಲ್ಲಿ ಇರದೆ, ಬೀಗ ಹಾಕಿದ ಕೊಠಡಿಯೊಳಗೆ ಏಳು ತಾಸು ಕಳೆದಿರುವುದು ಕಂಡುಬಂದಿದೆ’ ಎಂದು ಬರೆಯಲಾಗಿದೆ. ಪುಸ್ತಕವನ್ನು ಶುಕ್ರವಾರ ಸಂಜೆ ಐದು ಗಂಟೆಗೆ ಮುಚ್ಚಿ ಮೊಹರು ಮಾಡಲಾಗುವುದು. ಆಮೇಲೆ ಅದನ್ನು ತೆರೆಯಲು ಯಾವ ನಿಯಮದಲ್ಲೂ ಅವಕಾಶವಿಲ್ಲ.

7. ಇನ್ನು ಮುಂದೆ ಪಾಲಿಸತಕ್ಕ ನಿಯಮಗಳು

(ಅ) ‘ಬೈ’ ಪದವನ್ನು ಯಾವ ಪತ್ರದಲ್ಲೂ ಬಳಸಕೂಡದು. ಅದರ ಬದಲು ಹೆಸರು ಕೇಳದ ಇತರ ಸಣ್ಣ ಪದಗಳನ್ನು ಬಳಸತಕ್ಕದ್ದು. ಇಂಥವು ಇಂಗ್ಲಿಷಿನಲ್ಲಿ ಧಾರಾಳವಾಗಿವೆ ಎಂದು ಕರಡು ಗುಮಾಸ್ತೆ ತಿಳಿಸಿದ್ದಾರೆ. ‘ಸ್ಯಾಟಿಸ್ಫೈಡ್’ ಆದವರಿಗೆ ‘ವಿತ್’, ‘ಸರ್ಪ್ರೈಸ್ಡ್’ ಆದವರಿಗೆ ‘ಅಟ್’, ‘ಇಂಟರೆಸ್ಟೆಡ್’ ಆದವರಿಗೆ ‘ಇನ್’, ‘ನೋನ್’ ಆದದ್ದಕ್ಕೆ ‘ಟು’. ಇಂಗ್ಲಿಷ್ ಮಾತಾಡುವ ಜನ ಮನೆಯಲ್ಲೂ ಅಂಗಡಿಯಲ್ಲೂ ಹೀಗೆಯೇ ಅನ್ನುತ್ತಾರಂತೆ, ಕಾರಣ ಕೇಳಿದರೆ ಅವರಿಗೂ ಗೊತ್ತಿಲ್ಲವಂತೆ. ಇದನ್ನೆಲ್ಲ ಆಕೆಗೆ ಕಲಿಸಿದವರು ದೊಡ್ಡಪ್ಪ ಎಂಬುದನ್ನು ಕಡತದ ಪೂರ್ಣತೆಗಾಗಿ ನಮೂದಿಸಲಾಗಿದೆ.

(ಆ) ‘ಕವರ್ಡ್ ವಿತ್ ಡಸ್ಟ್’, ಅಂದರೆ ‘ಧೂಳಿನಿಂದ ಮುಚ್ಚಿದೆ’, ಎಂಬುದನ್ನು ಮಾದರಿ ವಾಕ್ಯವೆಂದು ಘೋಷಿಸಲಾಗಿದೆ. ಇದರಲ್ಲಿ ಕಡತವಿದೆ, ಧೂಳಿದೆ, ಧೂಳು ಬಿಟ್ಟವರು ಇಲ್ಲ. ಎಲ್ಲ ಶಾಖೆಗಳೂ ತಮ್ಮ ಕೆಲಸವನ್ನು ಈ ವಾಕ್ಯದ ಮಟ್ಟಕ್ಕೆ ತರಲು ಶ್ರಮಿಸತಕ್ಕದ್ದು.

(ಇ) ‘ಸರ್ಪ್ರೈಸ್ಡ್ ಅಟ್’ ಬಳಸಬಯಸುವವರು, ಅಂದರೆ ಆಶ್ಚರ್ಯಪಡಬಯಸುವವರು, ಮೂರು ದಿನ ಮೊದಲು ಲಿಖಿತ ಅನುಮತಿ ಪಡೆಯತಕ್ಕದ್ದು. ಅನುಮತಿ ಬರುವವರೆಗೆ ಎಂದಿನ ಮುಖಭಾವದಲ್ಲಿ ಇರತಕ್ಕದ್ದು.

(ಈ) ಸಾರ್ವಜನಿಕರು ‘ಸ್ಯಾಟಿಸ್ಫೈಡ್ ವಿತ್’ ಆಗಲು ಅಭ್ಯಂತರವಿಲ್ಲ. ಅತೃಪ್ತರಾದವರಿಗೆ ಯಾವ ಸಣ್ಣ ಪದವನ್ನೂ ಮಂಜೂರು ಮಾಡಿಲ್ಲ. ಅಂಥವರು ವಾಕ್ಯ ಪೂರ್ಣಗೊಳಿಸಲಾಗದೆ ತಾವಾಗಿಯೇ ಹಿಂದಿರುಗುತ್ತಾರೆಂದು ನಿರೀಕ್ಷಿಸಲಾಗಿದೆ.

(ಉ) ‘ನೋನ್ ಟು’ ಪದಗಳನ್ನು ಎಲ್ಲರಿಗೂ ಗೊತ್ತಿರುವ ಸಂಗತಿಗೆ ಮಾತ್ರ ಬಳಸತಕ್ಕದ್ದು. ಒಬ್ಬರಿಗೆ ಮಾತ್ರ ಗೊತ್ತಿರುವ ಸಂಗತಿಯನ್ನು, ಆ ಒಬ್ಬರು ಬಾಯಿ ಬಿಡುವವರೆಗೆ, ಯಾರಿಗೂ ಗೊತ್ತಿಲ್ಲವೆಂದೇ ಪರಿಗಣಿಸತಕ್ಕದ್ದು. ಈ ಉಪಕಂಡಿಕೆಯನ್ನು ಟೈಪು ಮಾಡುವಾಗ ಸಹಿಯಿದ್ದ ಮೂರು ಹಾಳೆಗಳು ಹಾಳಾಗಿರುವುದನ್ನು ಲೇಖನ ಸಾಮಗ್ರಿ ಶಾಖೆ ದಾಖಲಿಸಿಕೊಳ್ಳತಕ್ಕದ್ದು.

(ಊ) ‘ಮ್ಯಾರೀಡ್’ ಆದವರು ಕಡ್ಡಾಯವಾಗಿ ‘ಟು’ ಬಳಸತಕ್ಕದ್ದು. ಟೈಪಿಸ್ಟು ತನ್ನ ರಜೆ ಅರ್ಜಿಯಲ್ಲಿ ‘ಮ್ಯಾರೀಡ್ ಬೈ ರಿಜಿಸ್ಟ್ರಾರ್’ ಎಂದು ಬರೆದು, ರಿಜಿಸ್ಟ್ರಾರರೇ ವರನೆಂದು ತಿಳಿದ ಕಚೇರಿಯಿಂದ, ಅರವತ್ತರ ಹೊಸ್ತಿಲಲ್ಲಿದ್ದ ಅವರ ಮನೆಗೆ ಶುಭಾಶಯ ಪತ್ರ ಹೋಗಿ, ಅವರ ಶ್ರೀಮತಿಯವರು ವಿವರಣೆ ಕೇಳಿ ಬಂದಿದ್ದರು. ಅದು ಇತ್ಯರ್ಥವಾಗಲು ಎರಡು ತಿಂಗಳು ಹಿಡಿಯಿತು.

8. ವಿನಾಯಿತಿ

ಕೇಳಿದರೆ ಉತ್ತರ ಕೊಡಲಾಗದವರ ಹೆಸರನ್ನು ಮಾತ್ರ ‘ಬೈ’ ಮುಂದೆ ಇಡಬಹುದು. ಸದ್ಯಕ್ಕೆ ಮಂಜೂರಾದವರು: ಇಲಿ, ಗೆದ್ದಲು, ಮಳೆ, ಗಾಳಿ, ಕಾಲ, ಮತ್ತು ವರ್ಗವಾಗಿ ಹೋದ ಅಧಿಕಾರಿಗಳು. ಈ ವಿನಾಯಿತಿಯಡಿ ರೆಕಾರ್ಡ್ ರೂಮಿಗೆ ಬೀಗ ಹಾಕಿದ್ದು ಗಾಳಿ ಎಂದು ಬರೆಯುವ ಪ್ರಸ್ತಾವವೂ ಇತ್ತು. ಗಾಳಿಯು ಬಾಗಿಲು ಮುಚ್ಚಿ, ಬೀಗ ಹಾಕಿ, ವರಾಂಡದಲ್ಲಿ ಮೂವತ್ತು ಹೆಜ್ಜೆ ನಡೆದು, ಕೀಲಿಯನ್ನು ಮೊಳೆಗೆ ತಗುಲಿಸಿ, ರಿಜಿಸ್ಟರಿನಲ್ಲಿ ಮೊಹರು ಒತ್ತಿ ಹೋಗಿರುವ ಸಾಧ್ಯತೆಯನ್ನು ಮುಖ್ಯಾಧಿಕಾರಿಗಳು ತಳ್ಳಿಹಾಕಿರಲಿಲ್ಲ. ಆದರೆ ದೊಡ್ಡಪ್ಪನವರು “ಗಾಳಿ ಚಪ್ಪಲಿ ಹಾಕ್ಕೊಂಡು ಬರುತ್ತೇನಪ್ಪಾ?” ಎಂದು ಕೇಳಿದ್ದರಿಂದ ಪ್ರಸ್ತಾವವನ್ನು ಕೈಬಿಡಲಾಯಿತು.

9. ಕೀಬೋರ್ಡುಗಳ ಕುರಿತು

ಮುನ್ನೆಚ್ಚರಿಕೆಯಾಗಿ ಎಲ್ಲ ಕೀಬೋರ್ಡುಗಳಿಂದ ‘ವೈ’ ಅಕ್ಷರದ ಗುಂಡಿಯನ್ನು ಕಿತ್ತು ಕಾವಲುಗಾರನ ವಶಕ್ಕೆ ಒಪ್ಪಿಸತಕ್ಕದ್ದು. ‘ಬಿ’ಯನ್ನು ಕೀಳುವ ಸಲಹೆ ಬಂದಿತ್ತಾದರೂ, ಅದಿಲ್ಲದೆ ‘ಬಾಸ್’ ಎಂದು ಬರೆಯಲು ಬಾರದೆಂದು ಒಪ್ಪಲಾಗಿಲ್ಲ. ‘ಯೆಸ್’ ಎಂದು ಬರೆಯಬೇಕಾದವರು ರಿಜಿಸ್ಟರಿನಲ್ಲಿ ಮೊಹರು ಒತ್ತಿ ಗುಂಡಿಯನ್ನು ಪಡೆದು, ಕೆಲಸ ಮುಗಿದ ತಕ್ಷಣ ಹಿಂದಿರುಗಿಸತಕ್ಕದ್ದು. ಕಳೆದ ವರ್ಷ ಇಡೀ ಕಚೇರಿಯಲ್ಲಿ ಇಂಥ ಅಗತ್ಯ ಒಮ್ಮೆಯೂ ಬಂದಿಲ್ಲ.

10. ಮನೆಗಳಿಗೆ ವಿಸ್ತರಣೆ

ಈ ನಿಯಮಗಳು ಸಿಬ್ಬಂದಿಯ ಮನೆಗಳಿಗೂ ಅನ್ವಯಿಸುತ್ತವೆ. ಮನೆಯಲ್ಲಿ ಕನ್ನಡಿ ಒಡೆಯಲ್ಪಟ್ಟರೆ ‘ಒಡೆದಿದೆ’ ಎಂದಷ್ಟೇ ಹೇಳತಕ್ಕದ್ದು. ಯಾರು ಒಡೆದರೆಂದು ಕೇಳಕೂಡದು. ಹಾಲು ಉಕ್ಕಲ್ಪಟ್ಟಾಗಲೂ ಇದೇ ಕ್ರಮ. ಕರಡು ಗುಮಾಸ್ತೆ ಈ ಕಂಡಿಕೆಯನ್ನು ತಮ್ಮ ಮನೆಯಲ್ಲಿ ಪ್ರಯೋಗಕ್ಕೆ ಒಳಪಡಿಸಿದ್ದು, ಒಂಬತ್ತು ವರ್ಷದ ಮಗಳು “ಅಮ್ಮಾ, ಕನ್ನಡಿ ನಾನೇ ಒಡ್ದಿದ್ದು, ಹೇಳ್ಬಾರ್ದಾ?” ಎಂದು ಕೇಳಿರುತ್ತಾಳೆ. ಗುಮಾಸ್ತೆ ಆ ದಿನ ಊಟ ಅರ್ಧಕ್ಕೆ ಬಿಟ್ಟು ಎದ್ದರೆಂದು ಅತ್ತೆಯವರು ಗಮನಿಸಿದ್ದಾರೆ.

11. ರೆಕಾರ್ಡ್ ಕೀಪರರ ಹೇಳಿಕೆ

ಕೆಂಪು ಸಾಲಿನ ಬಗ್ಗೆ ಆಕ್ಷೇಪಣೆ ಇದ್ದಲ್ಲಿ ಸಲ್ಲಿಸಬಹುದೆಂದು ದೊಡ್ಡಪ್ಪನವರಿಗೆ ತಿಳಿಸಲಾಗಿತ್ತು. ಅವರು ನಿನ್ನೆ ಕರಡು ಶಾಖೆಗೆ ಬಂದು, ಬರೆದುಕೊಳ್ಳುತ್ತಿದ್ದ ಗುಮಾಸ್ತೆಯ ಕಡೆ ನೋಡದೆ ಕಿಟಕಿಯ ಕಡೆ ನೋಡುತ್ತ, ಹೀಗೆ ಹೇಳಿದರು:

“ಕೂಡಿ ಹಾಕಿದ್ರು ಅಂತ ನಂಗೇನೂ ಸಿಟ್ಟಿಲ್ಲ. ಆ ಬಾಗ್ಲು ಮುಚ್ಚೋ ಸುತ್ತೋಲೆ ಬಂದ್ಮೇಲೆ ತೆರೆದ ಬಾಗ್ಲು ಕಂಡ್ರೆ ಎಲ್ಲರ ಕೈಯೂ ತಾನೇ ಹೋಗುತ್ತೆ, ನಂದೂ ಹೋಗುತ್ತೆ. ಒಳಗೆ ಫ್ಯಾನಿಲ್ಲ, ನೀರಿನ ಬಾಟ್ಲಿ ಹೊರಗಿತ್ತು. ಮಧ್ಯಾಹ್ನ ಸ್ವಲ್ಪ ಹೆದರಿಕೆ ಆಯ್ತು, ಸುಳ್ಳು ಯಾಕೆ ಹೇಳ್ಲಿ. ಹೊತ್ತು ಹೋಗ್ಲಿ ಅಂತ ಹಳೇ ಕರಡಿನ ಕಟ್ಟು ಬಿಚ್ಚಿದೆ. ಇಪ್ಪತ್ತೆರಡು ವರ್ಷದ ಹಿಂದಿಂದು ಒಂದು ಪತ್ರ ಸಿಕ್ತು. ‘ಸ್ಯಾಟಿಸ್ಫೈಡ್ ಬೈ’ ಅಂತಿದ್ದನ್ನ ನಾನು ಕೆಂಪು ಇಂಕಲ್ಲಿ ‘ವಿತ್’ ಮಾಡಿದ್ದೆ. ಅದನ್ನ ಬರ್ದಿದ್ದ ಹುಡುಗಿ ಅವತ್ತು ಮೆಟ್ಟಿಲ ಮೇಲೆ ಕೂತು ಅತ್ತಿದ್ಲು. ಈಗ ಇಡೀ ಆಫೀಸಿಗೆ ಅವಳೇ ತಿದ್ದೋದು. ಅದನ್ನ ನೋಡಿ ಖುಷಿಯಾಯ್ತು ನೋಡಿ, ಬಡಿಯೋದೂ ಮರ್ತೆ ಸ್ವಲ್ಪ ಹೊತ್ತು.

“ನನ್ನ ಪುಸ್ತಕದಲ್ಲಿ ಮೂವತ್ತಾರು ವರ್ಷ ಒಂದೂ ಕೆಂಪು ಗೆರೆ ಬಿದ್ದಿರ್ಲಿಲ್ಲ. ಈಗ ಬಿದ್ದಿದೆ. ಅದು ಹೋಗ್ಬೇಕು, ಅಷ್ಟೇ ನಾನು ಕೇಳೋದು. ಯಾರಿಗೂ ಶಿಕ್ಷೆ ಬೇಡ. ಬೀಗ ಹಾಕಿದ್ದು ಯಾರು ಅಂತ ನಂಗೊತ್ತು. ಇಷ್ಟು ವರ್ಷ ಕೇಳಿದ ನಡಿಗೆ ಗೊತ್ತಾಗಲ್ವಾ? ಏಣಿ ಇಳಿಯೋಷ್ಟ್ರಲ್ಲಿ ದೂರ ಹೋಗಿಬಿಟ್ಟಿತ್ತು. ಆದ್ರೆ ಆ ಖಾಲಿ ಜಾಗ ತುಂಬೋನು ನಾನಲ್ಲ. ತುಂಬ್ಬೇಕಾದೋರು ತುಂಬ್ಲಿ. ತುಂಬಲ್ಲ ಅಂದ್ರೆ ಹಾಗೇ ಹೋಗ್ತೀನಿ, ಏನ್ಮಾಡೋದು.”

ಸದರಿ ಹೇಳಿಕೆಯ ಕೊನೆಯ ಸಾಲಿನಲ್ಲಿ ಬರೆದುಕೊಳ್ಳುತ್ತಿದ್ದವರ ಪೆನ್ನು ಬಹಳ ಹೊತ್ತು ಒಂದೇ ಕಡೆ ನಿಂತು ಇಂಕು ಹರಡಿರುತ್ತದೆ. ಹೇಳಿಕೆ ನೀಡಿದವರು ಎದ್ದು, ಹೋಗುವಾಗ ಆಕೆಯ ಕುರ್ಚಿಯ ಕುಂಟು ಕಾಲಿಗೆ ಕಾಗದ ಮಡಿಸಿ ಇಟ್ಟು ಹೋದರು. ಆಕೆಗೆ ನಾಚಿಕೆಯಾಗಿದೆ. ಈ ವಾಕ್ಯವನ್ನು ಕರ್ಮಣಿಯಲ್ಲಿ ಬರೆಯಲು ಪ್ರಯತ್ನಿಸಲಾಯಿತು, ಬರಲಿಲ್ಲ.

12. ಆಕ್ಷೇಪಣೆಯ ಇತ್ಯರ್ಥ

ಹೇಳಿಕೆಯಲ್ಲಿ ಹೆಸರು ಇಲ್ಲದಿರುವುದರಿಂದ ಆಕ್ಷೇಪಣೆಯನ್ನು ತಿರಸ್ಕರಿಸಲಾಗಿದೆ. ಹೆಸರು ಇದ್ದಿದ್ದರೆ ಕಂಡಿಕೆ 7(ಅ) ಪ್ರಕಾರ ತಿರಸ್ಕರಿಸಲಾಗುತ್ತಿತ್ತು.

13. ಮುಕ್ತಾಯ

ಮೇಲ್ಕಂಡ ಎಲ್ಲ ಕಾರಣಗಳಿಂದ, ‘ಬೈ’ ಪದದ ಮುಂದಿನ ಜಾಗವು ಇನ್ನು ಮುಂದೆ ಖಾಲಿಯಾಗಿಯೇ ಇರತಕ್ಕದ್ದು ಎಂದು ಈ ಮೂಲಕ ಆದೇಶಿಸಲಾಗಿದೆ. ಯಾರಾದರೂ ಅದನ್ನು ತುಂಬಿದಲ್ಲಿ, ತಮ್ಮ ಸ್ವಂತ ಜವಾಬ್ದಾರಿಯ ಮೇಲೆ, ತಮ್ಮ ಕೈಬರಹದಲ್ಲಿ ತುಂಬತಕ್ಕದ್ದು. ಇದು ತಕ್ಷಣದಿಂದ ಜಾರಿಗೆ ಬರುತ್ತದೆ.

(ಸಹಿ)
ಮುಖ್ಯಾಧಿಕಾರಿ
ಸಂಬಂಧಪಟ್ಟ ಇಲಾಖೆ
(ಸೋಮವಾರ ಬೆಳಿಗ್ಗೆ ಮುಂಗಡವಾಗಿ ಸಹಿ ಮಾಡಲ್ಪಟ್ಟಿದೆ)

ಪ್ರತಿ:

1. ಮೇಲಿನ ಕಚೇರಿಗೆ, ಮಾಹಿತಿಗಾಗಿ.

2. ಎಲ್ಲ ಶಾಖೆಗಳಿಗೆ, ಸಹಿ ಮಾಡಿ ಹಿಂದಿರುಗಿಸಲು. ಓದುವುದು ಐಚ್ಛಿಕ.

3. ಇಲಿ ಮತ್ತು ಗೆದ್ದಲುಗಳಿಗೆ, ರೆಕಾರ್ಡ್ ರೂಮಿನ ಮೂಲಕ.

4. ಗಾಳಿಗೆ, ಎರಡನೆಯ ಮಹಡಿಯ ಕಿಟಕಿಯ ಮೂಲಕ. ಆರೋಪದಿಂದ ಮುಕ್ತಗೊಳಿಸಲಾಗಿದೆ.

5. ಕಾವಲುಗಾರನಿಗೆ, ‘ವೈ’ ಗುಂಡಿಗಳಿಗಾಗಿ ಇನ್ನೊಂದು ಮೊಳೆ ಹೊಡೆಯಲು.

6. ಚಹಾ ಕೊಡುವ ಅಕ್ಕನಿಗೆ. ಇದನ್ನು ಕರಡು ಗುಮಾಸ್ತೆ ಖುದ್ದಾಗಿ ಓದಿ ಹೇಳುತ್ತಾರೆ. ಬಾಗಿಲು ತೆರೆದದ್ದು ಲೋಪವಲ್ಲ. ಆ ದಿನ ಈ ಕಚೇರಿಯಲ್ಲಿ ನಡೆದ ಕೆಲಸ ಅದೊಂದೇ.

7. ಮೇಲಿನ ಕಚೇರಿಗೆ ಮತ್ತೊಮ್ಮೆ, ‘ಬೈ ಹೂಮ್?’ ಎಂಬ ಪತ್ರಕ್ಕೆ ಉತ್ತರವಾಗಿ: ಬೈ ಮಿ. ಬೀಗ ಹಾಕಿದವಳು ಈ ಸುತ್ತೋಲೆಯನ್ನು ಟೈಪು ಮಾಡಿದ ಗುಮಾಸ್ತೆ, ಅಂದರೆ ನಾನು. ಕಂಕುಳಲ್ಲಿ ಒಂಬತ್ತು ಕಡತಗಳಿದ್ದವು, ಅತ್ತೆ ಗೇಟಿನ ಹತ್ತಿರ ಕಾಯುತ್ತಿದ್ದರು. ಬಾಗಿಲು ತೆರೆದಿತ್ತು, ಬೀಗ ಕೀಲಿ ಸಮೇತ ಚಿಲಕದಲ್ಲಿ ತೂಗುತ್ತಿತ್ತು. ಒಳಗೆ ಇಣುಕಿ ನೋಡಲಿಲ್ಲ. ಮೊಣಕೈಯಿಂದ ತಳ್ಳಿದೆ, ಬೀಗ ಹಾಕಿದೆ, ಮೊಹರು ಒತ್ತಿದೆ, ಹೋದೆ. ಮರುದಿನ ಗೊತ್ತಾಯಿತು. ಹೆದರಿ ಸುಮ್ಮನಿದ್ದೆ. ‘ಬೈ’ ಅಳಿಸಿ ವರದಿ ತಿದ್ದಿದವಳೂ ನಾನೇ. ಅಳಿಸುವಾಗ ಬದುಕಿದೆಯಾ ಬಡಜೀವವೇ ಅನ್ನಿಸಿತ್ತು.

8. ಸೇವಾ ಪುಸ್ತಕ ಶಾಖೆಗೆ. ದೊಡ್ಡಪ್ಪನವರ ಪುಸ್ತಕದಲ್ಲಿನ ಕೆಂಪು ಸಾಲನ್ನು ಶುಕ್ರವಾರ ಐದು ಗಂಟೆಯೊಳಗೆ ಹೊಡೆದುಹಾಕಿ, ಏನು ಬರೆಯಬೇಕೋ ಅದನ್ನು ನನ್ನ ಪುಸ್ತಕದಲ್ಲಿ ಬರೆಯುವುದು. ಈ ಪಟ್ಟಿಯನ್ನು ಯಾರೂ ಓದುವುದಿಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಆದ್ದರಿಂದ ಈ ಪ್ರತಿಯನ್ನು ನಾನೇ ಹಿಡಿದು ಬಂದು, ನಿಮ್ಮ ಮೇಜಿನ ಮುಂದೆ ನಿಂತು, ಗಟ್ಟಿಯಾಗಿ ಓದುತ್ತೇನೆ. ಸಾಲು ಹೊಡೆಯುವವರೆಗೆ ಕೂರುವುದಿಲ್ಲ.

9. ದೊಡ್ಡಪ್ಪನವರಿಗೆ, ಕೈಯಾರೆ. ಮೊದಲ ವರದಿಯ ಕಚೇರಿ ಪ್ರತಿಯಲ್ಲಿ ಉಳಿದಿರುವ ಹನ್ನೊಂದು ಚುಕ್ಕಿಗಳ ಮೇಲೆ ನನ್ನ ಹೆಸರನ್ನು ನನ್ನ ಕೈಬರಹದಲ್ಲೇ ತುಂಬಿದ್ದೇನೆ. ತಪ್ಪಿದ್ದರೆ ಕೆಂಪು ಇಂಕಿನಲ್ಲಿ ತಿದ್ದಿಕೊಡಬೇಕಾಗಿ ಕೋರಿಕೆ. ಈ ಸಲ ಮೆಟ್ಟಿಲ ಮೇಲೆ ಕೂತು ಅಳುವುದಿಲ್ಲ.

10. ಕಡತಕ್ಕೆ. ಷರಾ ಕಾಲಂ ಇವತ್ತೇ ಓದುವುದು.